ತೈಚಿ: ಹೆಸರಿನಲ್ಲಿ ಉಸಿರಿಲ್ಲ, ತೊಲೆಯಿದೆ

ಚೀನಾದ ಉದ್ಯಾನಗಳಲ್ಲಿ ಬೆಳಗಿನ ಹೊತ್ತು ವಯಸ್ಸಾದವರು ನೀರೊಳಗೆ ನಡೆಯುವಂತೆ ನಿಧಾನವಾಗಿ ಕೈಕಾಲು ಆಡಿಸುತ್ತ ಅಭ್ಯಾಸ ಮಾಡುವ ವಿದ್ಯೆಗೆ ನಾವು ‘ತೈಚಿ’ ಎನ್ನುತ್ತೇವೆ. ಇದರಲ್ಲಿನ ‘ಚಿ’ ಎಂದರೆ ಪ್ರಾಣಶಕ್ತಿ ಎಂದು ಭಾವಿಸಿದವರು ಬಹಳ. ಅದು ತಪ್ಪು. ಉಸಿರು, ಪ್ರಾಣ ಎಂಬ ಅರ್ಥದ ಚೀನೀ ಪದ ಬೇರೆ, ಅದನ್ನು ಬರೆಯುವ ಚಿಹ್ನೆಯೂ ಬೇರೆ. ಹಳೆಯ ರೋಮನ್ ಕಾಗುಣಿತದಲ್ಲಿ ಎರಡೂ ಒಂದೇ ಬಗೆಯಾಗಿ ಕಂಡದ್ದರಿಂದ ಈ ಗೊಂದಲ ಬೆಳೆಯಿತು.

ಪೂರ್ಣ ಹೆಸರು ‘ತೈಜಿ ಛ್ವೆನ್’. ‘ತೈ’ ಎಂದರೆ ಅತಿ, ‘ಛ್ವೆನ್’ ಎಂದರೆ ಮುಷ್ಟಿ, ಅದರಿಂದಾಗಿ ಬರಿಗೈ ಕಾಳಗದ ವಿದ್ಯೆ. ನಾವು ‘ಚಿ’ ಎನ್ನುವುದು ಇಲ್ಲಿನ ‘ಜಿ’; ಅದಕ್ಕೆ ಚೀನಾದ ಹಾನ್ ರಾಜವಂಶದ ಕಾಲದ ನಿಘಂಟು ಕೊಡುವ ಅರ್ಥ ಮನೆಯ ಮಾಡಿನ ನೆತ್ತಿಯಲ್ಲಿ ಉದ್ದಕ್ಕೆ ಹಾಯುವ ತೊಲೆ. ಇಳಿಜಾರಿನ ಎರಡೂ ಮಗ್ಗುಲುಗಳು ಕೂಡುವ ಎಡೆ ಅದು. ಒಂದೇ ಮೂಲದಿಂದ ಯಿನ್ ಮತ್ತು ಯಾಂಗ್, ಅಂದರೆ ಒಂದಕ್ಕೊಂದು ಎದುರಾಗಿಯೂ ಪೂರಕವಾಗಿಯೂ ಇರುವ ಎರಡು ತತ್ತ್ವಗಳು, ಹುಟ್ಟುತ್ತವೆ ಎಂದು ಪ್ರಾಚೀನ ‘ಯಿ ಜಿಂಗ್’ ಗ್ರಂಥದ ಅನುಬಂಧ ಹೇಳುವಾಗ ಆ ಮೂಲಕ್ಕೆ ಬಳಸಿದ ಮಾತು ‘ತೈಜಿ’. 11ನೆಯ ಶತಮಾನದ ತತ್ತ್ವಜ್ಞಾನಿ ಝೌ ದುನ್‌ಯಿ ಅದನ್ನು ವಿಸ್ತರಿಸಿದನು. ಕಾಳಗದ ವಿದ್ಯೆಗೆ ಈ ಹೆಸರು ಅಂಟಿಕೊಂಡದ್ದು ಬಹಳ ತಡವಾಗಿ, 19ನೆಯ ಶತಮಾನದಲ್ಲಿ.

ಹಾವು ಮತ್ತು ಹಕ್ಕಿಯ ಕಾದಾಟವನ್ನು ಕಂಡ ವುದಾಂಗ್ ಬೆಟ್ಟದ ತಾವೋ ಸನ್ಯಾಸಿ ಝಾಂಗ್ ಸಾನ್‌ಫೆಂಗ್ ಇದನ್ನು ರಚಿಸಿದನೆಂಬ ಕಥೆ ಸೊಗಸಾಗಿದೆ, ಆದರೆ ಇತಿಹಾಸ ಅದನ್ನು ಬೆಂಬಲಿಸುವುದಿಲ್ಲ. ಸಂಶೋಧಕರು ಸಾಮಾನ್ಯವಾಗಿ ಬೊಟ್ಟು ಮಾಡುವುದು ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಎಂಬ ಹಳ್ಳಿಯ ಕಡೆಗೆ, ಮಿಂಗ್ ಆಳ್ವಿಕೆ ಕುಸಿದ ಕಾಲದಲ್ಲಿ ಅಲ್ಲಿದ್ದ ಸೈನಿಕ ಚೆನ್ ವಾಂಗ್‌ತಿಂಗ್‌ನ ಕಡೆಗೆ. ಅದೇ ಮನೆತನದ ಚೆನ್ ಚಾಂಗ್‌ಶಿಂಗ್‌ನಲ್ಲಿ ಕಲಿತ ಹೊರಗಿನವನಾದ ಯಾಂಗ್ ಲುಚಾನ್ (1799–1872) ಬೀಜಿಂಗಿಗೆ ಹೋಗಿ ಕಲಿಸಿದ ಮೇಲೆ, ಹಳ್ಳಿಯೊಂದರ ಗುಟ್ಟಾಗಿದ್ದ ವಿದ್ಯೆ ಊರೂರಿಗೆ ಹರಡಿತು. ಇಂದು ಹೆಚ್ಚಿನವರು ಮೊದಲು ಕಲಿಯುವ 24 ಭಂಗಿಗಳ ಸರಳ ಕ್ರಮವನ್ನು ಚೀನಾದ ಕ್ರೀಡಾ ಆಯೋಗ 1956ರಲ್ಲಿ ರೂಪಿಸಿತು. 2020ರಲ್ಲಿ ಯುನೆಸ್ಕೋ ತೈಜಿ ಛ್ವೆನ್ನನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೆಸರಿನಲ್ಲಿರುವ ಆ ಎರಡು ಮಗ್ಗುಲುಗಳು ಮೈಯಲ್ಲಿ ಕಾಣಿಸುವುದು ಕಾಲಿನಲ್ಲಿ. ಭಾರ ಹೊತ್ತ ಕಾಲನ್ನು ‘ತುಂಬಿದ್ದು’ ಎಂದೂ ಹಗುರಾದ ಕಾಲನ್ನು ‘ಬರಿದು’ ಎಂದೂ ಕರೆಯುತ್ತಾರೆ; ಒಂದು ಪೂರ್ತಿ ಬರಿದಾಗುವವರೆಗೆ ಅದನ್ನು ನೆಲದಿಂದ ಎತ್ತಬಾರದು. ನಿಧಾನದ ಗುಟ್ಟು ಇದೇ, ಏಕೆಂದರೆ ಬೇಗ ನಡೆದರೆ ಭಾರ ಅರ್ಧದಲ್ಲೇ ಉಳಿದದ್ದು ತಿಳಿಯುವುದೇ ಇಲ್ಲ. ತಿರುಗಬೇಕಾದದ್ದು ಸೊಂಟ, ಕೈಗಳು ಅದನ್ನು ಹಿಂಬಾಲಿಸುತ್ತವೆ.

ಕಲಿತದ್ದರ ಪರೀಕ್ಷೆ ‘ತುಯಿಶೌ’, ಅಂದರೆ ಕೈತಳ್ಳುವ ಆಟ. ಇಬ್ಬರು ಎದುರುಬದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿಕೊಂಡಿರುತ್ತಾರೆ. ಒಬ್ಬನು ಎದೆಗೆ ಗುರಿಯಿಟ್ಟು ಒತ್ತಿದಾಗ ಇನ್ನೊಬ್ಬನು ಬಲಕ್ಕೆ ಬಲ ಕೊಡದೆ, ಸ್ಪರ್ಶವನ್ನೂ ಬಿಡದೆ, ಹಿಂಗಾಲಿಗೆ ಭಾರ ಇಳಿಸಿ ಸೊಂಟವನ್ನು ಕೊಂಚ ತಿರುಗಿಸುತ್ತಾನೆ. ಒತ್ತಿದವನು ತನ್ನದೇ ರಭಸಕ್ಕೆ ಮುಂದಕ್ಕೆ ಮುಗ್ಗರಿಸುತ್ತಾನೆ.