ಸರ್ವರ್ ಡೌನ್ ಆಗಿಲ್ಲ

ಈ ವಾರದಲ್ಲೇ ಮೂರು ಸಲ ಕೇಳಿದೆ. "ಸರ್, ಸರ್ವರ್ ಡೌನ್ ಆಗಿದೆ, ಸ್ವಲ್ಪ ನೋಡಿ." ಮೂರು ಸಲವೂ ಸರ್ವರ್ ಚೆನ್ನಾಗಿಯೇ ಓಡುತ್ತಿತ್ತು. ಶೇರ್ಡ್ ಹೋಸ್ಟಿಂಗ್‌ನಲ್ಲಿ, ಅಂದರೆ ಹಲವರು ಹಂಚಿಕೊಂಡ ಬಾಡಿಗೆ ಯಂತ್ರದಲ್ಲಿ, ಸೈಟ್ ಇಟ್ಟುಕೊಂಡವರು ಈ ಮಾತನ್ನು ಯಾಕೆ ಇಷ್ಟು ಸುಲಭವಾಗಿ ಬಳಸಬಾರದು ಅನ್ನೋದನ್ನು ಒಮ್ಮೆ ಬಿಡಿಸಿ ಹೇಳಬೇಕು ಅನ್ನಿಸಿತು.

ಮೊದಲು 'ಸರ್ವರ್' ಪದವನ್ನೇ ನೋಡೋಣ. ಲ್ಯಾಟಿನ್ನಿನ 'ಸೆರ್ವುಸ್' ಅಂದರೆ ಆಳು. ಅಲ್ಲಿಂದ ಇಂಗ್ಲಿಷಿನ 'ಸರ್ವ್', ಅದರಿಂದ 'ಸರ್ವರ್'. ನಮ್ಮ ಹೋಟೆಲುಗಳಲ್ಲಿ ಸಪ್ಲೈಯರ್ ಅಂತೀವಲ್ಲ, ಆ ಕೆಲಸದವನೇ ಇವನು. ಕನ್ನಡದಲ್ಲಿ ಹೇಳುವುದಾದರೆ ಬಡಿಸುವವನು. ಕಂಪ್ಯೂಟರಿಗೆ ಬರುವ ಮೊದಲೇ ಈ ಬಡಿಸುವವನ ಲೆಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಶುರುವಾಗಿತ್ತು. ಕೋಪನ್‌ಹೇಗನ್ನಿನ ಆಗ್ನರ್ ಎರ್ಲಾಂಗ್ 1909ರಲ್ಲಿ ಫೋನ್ ಕರೆಗಳ ದಟ್ಟಣೆಯ ಮೇಲೆ ಗಣಿತದ ಲೇಖನ ಬರೆದರು. ಇಷ್ಟು ಲೈನ್ ಇದ್ದು, ಇಷ್ಟು ಜನ ಕರೆ ಮಾಡಿ, ಒಂದೊಂದು ಕರೆ ಇಷ್ಟು ಹೊತ್ತು ಹಿಡಿದರೆ ಎಷ್ಟು ಜನಕ್ಕೆ ಲೈನ್ ಸಿಗಲ್ಲ ಅನ್ನೋ ಲೆಕ್ಕಗಳನ್ನು ಮುಂದೆ ಅವರು ಬೆಳೆಸಿದರು. ಅದರಿಂದ ಹುಟ್ಟಿದ ಸರದಿ ಸಾಲಿನ ಗಣಿತದಲ್ಲಿ ಸಾಲಿನ ತುದಿಯಲ್ಲಿ ನಿಂತು ಕೆಲಸ ಮಾಡಿಕೊಡುವವನಿಗೆ 'ಸರ್ವರ್' ಅಂತಲೇ ಹೆಸರು. 1969ರ ಆರ್‌ಎಫ್‌ಸಿ 5ರಲ್ಲಿ, ಅಂದರೆ ಇಂಟರ್ನೆಟ್‌ನ ತಾಯಿಬೇರು ಆರ್ಪಾನೆಟ್‌ನ ಕಾಗದಪತ್ರಗಳಲ್ಲಿ, 'ಸರ್ವರ್-ಹೋಸ್ಟ್' ಅನ್ನೋ ಪದ ಬರುತ್ತದೆ. ಮುಂದೆ ಪದ ಮೊಟಕಾಗಿ 'ಸರ್ವರ್' ಅಂದರೆ ಒಂದು ಪೆಟ್ಟಿಗೆ ಅನ್ನೋ ಚಿತ್ರ ಎಲ್ಲರ ತಲೆಯಲ್ಲಿ ಕೂತಿತು. ಬಡಿಸುವವನು ಮರೆತುಹೋದ. ಗೊಂದಲ ಶುರುವಾಗಿದ್ದೇ ಅಲ್ಲಿ.

ಪೆಟ್ಟಿಗೆ ಅಂದುಕೊಂಡರೆ ಎರಡೇ ಸ್ಥಿತಿ: ಎದ್ದಿದೆ, ಇಲ್ಲವೇ ಮಲಗಿದೆ. ರೇಷನ್ ಅಂಗಡಿಯಲ್ಲಿ 'ಸರ್ವರ್ ಇಲ್ಲ' ಅನ್ನುವುದೂ ಇದೇ ಅರ್ಥದಲ್ಲಿ. ಬಡಿಸುವವನು ಅಂದುಕೊಂಡರೆ ಬೇರೆ ಪ್ರಶ್ನೆ ಏಳುತ್ತದೆ. ಅವನು ನಿಂತೇ ಇದ್ದಾನೆ, ಪಂಕ್ತಿಯಲ್ಲಿ ಎಲೆ ಎಷ್ಟು ಹಾಕಿದ್ದೀರಿ? ಊಟಕ್ಕೆ ಕೂತವರು ಎಷ್ಟು ಹೊತ್ತಿಗೆ ಏಳುತ್ತಿದ್ದಾರೆ?

ಶೇರ್ಡ್ ಹೋಸ್ಟಿಂಗ್‌ನಲ್ಲಿ ಈ ಎಲೆಗಳ ಲೆಕ್ಕವೇ ಎಲ್ಲ. ಒಂದೇ ಯಂತ್ರದಲ್ಲಿ ನೂರಾರು ಖಾತೆಗಳಿರುತ್ತವೆ. ಒಬ್ಬರ ಸೈಟ್ ಎಲ್ಲರದ್ದನ್ನೂ ನುಂಗಬಾರದು ಅಂತ ಬಹಳ ಕಡೆ ಕ್ಲೌಡ್‌ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಹಾಕಿ ಖಾತೆಗೊಂದು ಬೇಲಿ ಕಟ್ಟಿರುತ್ತಾರೆ. ಸಿಪಿಯು ಇಷ್ಟು, ಮೆಮೊರಿ ಇಷ್ಟು, ಡಿಸ್ಕ್ ಓದು-ಬರಹ ಇಷ್ಟು. ಇವುಗಳ ಜೊತೆ 'ಎಂಟ್ರಿ ಪ್ರೊಸೆಸ್' ಅನ್ನೋ ಮಿತಿಯೂ ಇದೆ. ಒಂದೇ ಕ್ಷಣದಲ್ಲಿ ಪುಟ ತಯಾರಿಸುವ ನಿಮ್ಮ ಪಿಎಚ್‌ಪಿ ಕೋಡ್ ಒಳಗೆ ಎಷ್ಟು ಜನ ಇರಬಹುದು ಅನ್ನುವ ಲೆಕ್ಕ ಅದು. ಎಲೆ ಅಂದದ್ದು ಇದನ್ನೇ. ಸಾಮಾನ್ಯವಾಗಿ 20. ದಿನಕ್ಕೆ 20 ಅಲ್ಲ, ನಿಮಿಷಕ್ಕೂ ಅಲ್ಲ, ಒಂದೇ ಕ್ಷಣಕ್ಕೆ. ಚಿತ್ರ, ಪುಟದ ಅಂದಚೆಂದ ಹೇಳುವ ಸಿಎಸ್‌ಎಸ್ ಫೈಲುಗಳು ಇದರಲ್ಲಿ ಸೇರಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಪುಟ ತಯಾರಾಗಲು 3 ಸೆಕೆಂಡು ಹಿಡಿದರೆ 20 ಎಲೆಯಲ್ಲಿ ಸೆಕೆಂಡಿಗೆ ಆರೇಳು ಜನಕ್ಕೆ ಬಡಿಸಬಹುದು. ಅದೇ ಪುಟ 0.2 ಸೆಕೆಂಡಿನಲ್ಲಿ ತಯಾರಾದರೆ 100 ಜನಕ್ಕೆ. ಪ್ಲಾನ್ ಅದೇ, ಯಂತ್ರ ಅದೇ. ಇಪ್ಪತ್ತೊಂದನೆಯವರು ಬಂದಾಗ ಕಾಣುವುದೇ 508 ಎರರ್, 'ರಿಸೋರ್ಸ್ ಲಿಮಿಟ್ ಈಸ್ ರೀಚ್ಡ್'. ಆ ಸಂದೇಶ ಕಳಿಸಿದ್ದು ಯಾರು? ಸರ್ವರ್ರೇ ಅಲ್ವಾ? ನಿಜವಾಗಿ ಮಲಗಿದ ಸರ್ವರ್ ಏನೂ ಹೇಳಲ್ಲ. ಬ್ರೌಸರ್ ಕಾದು ಕಾದು ಕೊನೆಗೆ ತಾನೇ 'ಟೈಮ್ ಔಟ್' ಅನ್ನುತ್ತದೆ.

ಹೋದ ಬೇಸಿಗೆಯಲ್ಲಿ ನಡೆದದ್ದು. ಗೆಳೆಯರ ಒಂದು ನಾಟಕ ತಂಡದ ಮಕ್ಕಳ ಶಿಬಿರಕ್ಕೆ ನೋಂದಣಿ. ವಾಟ್ಸಾಪ್ ಗುಂಪುಗಳಿಗೆ ಬೆಳಿಗ್ಗೆ 8ಕ್ಕೆ ಲಿಂಕ್ ಹೋಯಿತು. 8.10ಕ್ಕೆ ನನಗೆ ಫೋನ್, ಅದೇ ಮಾತು. ಹೋಸ್ಟಿಂಗ್ ಖಾತೆ ನೋಡಿಕೊಳ್ಳುವ ಸಿಪ್ಯಾನೆಲ್‌ನಲ್ಲಿ ರಿಸೋರ್ಸ್ ಯೂಸೇಜ್ ಪುಟ ತೆಗೆದೆ. ಎಂಟ್ರಿ ಪ್ರೊಸೆಸ್ ಗೆರೆ 20ಕ್ಕೆ ತಲೆ ತಾಗಿಸಿಕೊಂಡು ನೇರ ಓಡುತ್ತಿತ್ತು. ಸಿಪಿಯು ಕೂಡ ತುದಿಯಲ್ಲಿ. ಮೆಮೊರಿ ಅರ್ಧವೂ ತುಂಬಿರಲಿಲ್ಲ.

ಇಲ್ಲಿ ಒಂದು ಸರಪಳಿ ಇದೆ, ಇದು ಗೊತ್ತಿರಬೇಕು. ಸಿಪಿಯು ಮಿತಿ ಮುಟ್ಟಿದರೆ ಎರರ್ ಬರಲ್ಲ. ನಿಮ್ಮ ಖಾತೆಯನ್ನು ಸುಮ್ನೆ ನಿಧಾನ ಮಾಡುತ್ತಾರೆ, ಅಷ್ಟೇ. ನಿಧಾನವಾದ ಪುಟ ಜಾಸ್ತಿ ಹೊತ್ತು ಎಲೆ ಹಿಡಿದು ಕೂರುತ್ತದೆ. ಎಲೆ ಖಾಲಿಯಾಗದೆ 508 ಬರುತ್ತದೆ. ಕಂಗಾಲಾದ ಪೋಷಕರು ರಿಫ್ರೆಶ್ ಒತ್ತುತ್ತಾರೆ, ಇನ್ನಷ್ಟು ಜನ ಬಂದ ಹಾಗಾಗುತ್ತದೆ. ನಮ್ಮ ಪುಟದಲ್ಲಿ ಪ್ರತಿ ಸಲವೂ ಉಳಿದ ಸೀಟು ಎಣಿಸಲು ಡೇಟಾಬೇಸಿನ ಇಡೀ ಟೇಬಲ್ ಓದುವ ಕ್ವೆರಿ (ಮಾಹಿತಿ ಕೇಳುವ ಆದೇಶ) ಇತ್ತು. ಜೊತೆಗೆ ಎಷ್ಟು ಜನ ನೋಡಿದರು ಅಂತ ಪ್ರತಿ ಸಲ ಡೇಟಾಬೇಸಿಗೆ ಬರೆಯುವ ಪ್ಲಗಿನ್, ಅಂದರೆ ಸೈಟಿಗೆ ಸೇರಿಸಿದ ಪುಟ್ಟ ಪ್ರೋಗ್ರಾಂ. ಪ್ಲಗಿನ್ ತೆಗೆದೆ. ಸೀಟಿನ ಎಣಿಕೆಯನ್ನು ನಿಮಿಷಕ್ಕೊಮ್ಮೆ ಮಾತ್ರ ಮಾಡಿ ಇಟ್ಟುಕೊಳ್ಳುವ ಹಾಗೆ ಬದಲಿಸಿದೆ. ಉಳಿದ ಪುಟಗಳಿಗೆ ಕ್ಯಾಶ್ ಹಾಕಿದೆ, ಅಂದರೆ ಒಮ್ಮೆ ತಯಾರಾದ ಪುಟವನ್ನೇ ಮತ್ತೆ ಮತ್ತೆ ಕೊಡುವ ಹಾಗೆ.

'ಡೌನ್' ಅಂದವರು ಇದನ್ನು ಮಾಡಲ್ಲ, ಕಾಯುತ್ತಾರೆ. ಬೇರೆ ಯಾರೋ ಸರಿ ಮಾಡಬೇಕು ಅನ್ನೋ ಅರ್ಥ ಆ ಪದದೊಳಗೇ ಇದೆ. ನನ್ನ ತಕರಾರು ಅದೇ.

ಇನ್ನು ಕೆಲವರು ಹುಡುಕಿ ನೋಡಿ ಪಿಎಚ್‌ಪಿಯ ಮೆಮೊರಿ ಲಿಮಿಟ್ ಏರಿಸುತ್ತಾರೆ. ಅದು ಒಂದು ಪ್ರೊಸೆಸ್ ಎಷ್ಟು ತಿನ್ನಬಹುದು ಅನ್ನುವ ಮಿತಿ, ಖಾತೆಯ ಮಿತಿ ಅಲ್ಲ. ಮಾಮೂಲಿ 128 ಎಂಬಿಯನ್ನೇ 20 ಜನ ಪೂರ್ತಿ ತಿಂದರೆ ಎರಡೂವರೆ ಜಿಬಿ. ಖಾತೆಗಿರುವುದು 1 ಜಿಬಿ ಅಂದರೆ ಅಲ್ಲೇ ಮುಗಿಯಿತು. ಅದನ್ನು 512ಕ್ಕೆ ಏರಿಸಿದರೆ ಎರಡೇ ಪ್ರೊಸೆಸ್ ಖಾತೆಯನ್ನೆಲ್ಲ ತುಂಬಬಹುದು. ಆಗ 508 ಹೋಗಿ ಮೆಮೊರಿ ಸಾಲದೆ 500, 503 ಎರರ್‌ಗಳು ಬರುತ್ತವೆ.

ವರ್ಡ್‌ಪ್ರೆಸ್ ಅನ್ನೋ ತಂತ್ರಾಂಶದಲ್ಲಿ ಸೈಟ್ ಕಟ್ಟಿದವರಿಗೆ ಎರಡು ಮಾತು. ಹೊತ್ತು ಹೊತ್ತಿಗೆ ಕೆಲಸ ಓಡಿಸುವ ಅದರ ಕ್ರಾನ್ ನಿಜವಾದ ಗಡಿಯಾರ ಅಲ್ಲ. ಯಾರಾದರೂ ಪುಟ ತೆರೆದಾಗಲೆಲ್ಲ 'ಕೆಲಸ ಏನಾದರೂ ಬಾಕಿ ಇದೆಯಾ' ಅಂತ ನೋಡುತ್ತದೆ. ಜನ ಜಾಸ್ತಿ ಬಂದ ಹೊತ್ತಲ್ಲೇ ಅದೂ ಎದ್ದು ಕೂರುತ್ತದೆ. ಕಾನ್ಫಿಗ್ ಫೈಲಿನಲ್ಲಿ ಅದನ್ನು ಆಫ್ ಮಾಡಿ, ಸಿಪ್ಯಾನೆಲ್‌ನಿಂದ 15 ನಿಮಿಷಕ್ಕೊಮ್ಮೆ ಓಡಿಸಿ. ಎಡಿಟರ್ ಟ್ಯಾಬನ್ನು ತೆರೆದಿಟ್ಟು ಊಟಕ್ಕೆ ಹೋಗಬೇಡಿ, ಅದು ಆಗಾಗ ಸರ್ವರ್ರನ್ನು ಮಾತಾಡಿಸುತ್ತಲೇ ಇರುತ್ತದೆ. ಒಂದೇ ಖಾತೆಯಲ್ಲಿ ನಾಲ್ಕು ಸೈಟ್ ಇದ್ದರೆ ನಾಲ್ಕಕ್ಕೂ ಸೇರಿ 20 ಎಲೆ, ಇದೂ ನೆನಪಿರಲಿ.

ಇಷ್ಟೆಲ್ಲ ನೋಡಿದ ಮೇಲೂ ಗ್ರಾಫ್ ಖಾಲಿ ಇದೆ, ಸೈಟ್ ತೆರೀತಿಲ್ಲ ಅಂದರೆ ಆಗ ಧಾರಾಳವಾಗಿ ಡೌನ್ ಅನ್ನಿ. ಇಲ್ಲದಿದ್ದರೆ 'ಲಿಮಿಟ್ ತುಂಬಿದೆ' ಅನ್ನಿ. ಎಷ್ಟು ಗಂಟೆಗೆ, ಯಾವ ಎರರ್ ನಂಬರ್, ಯಾವ ಗೆರೆ ಮೇಲೆ ಹೋಗಿತ್ತು, ಈ ಮೂರನ್ನು ಬರೆದರೆ ನೋಡಿಕೊಡುವವರಿಗೂ ಕೆಲಸ ಸಲೀಸು.

ಶಿಬಿರದ ಎರಡನೇ ತಂಡದ ಲಿಂಕ್ ಒಂದು ವಾರದ ನಂತರ, ಅದೇ ಪ್ಲಾನ್‌ನಲ್ಲಿ, ಅದೇ ಗುಂಪುಗಳಿಗೆ ಹೋಯಿತು. ಅವತ್ತು ಗೆರೆ 9 ದಾಟಲಿಲ್ಲ.