ಕಲ್ಟ್ ಹಾರರ್ ಅಂದ್ರೆ ಏನು?

ಈಗ ಯಾವ ಪಿಕ್ಚರ್ ಬಂದ್ರೂ ಇಂಟರ್ವಲ್‌ಗೇ 'ಕಲ್ಟ್ ಗುರು' ಅಂತ ಪೋಸ್ಟ್ ಬಿದ್ದಿರತ್ತೆ, ಆದ್ರೆ ಅದು ಫಸ್ಟ್ ಡೇ ಸಿಗೋ ಬಿರುದಲ್ಲ. ಸೆನ್ಸಾರ್‌ನವರು ತಡೆದ್ರೂ ದೊಡ್ಡೋರು ಛೀ ಅಂದ್ರೂ ಒಂದಷ್ಟು ಜನ ಬಿಡದೇ ನೋಡಿ, ಇನ್ನೊಬ್ರಿಗೂ ಹಿಡಿಸಿ, ವರ್ಷಗಟ್ಲೆ ಉಳಿಸ್ಕೊಂಡು ಬಂದಿರೋ ಸಿನಿಮಾಗೆ ಹಾಗಂತಾರೆ. ಫ್ಲಾಪ್ ಆಗಿರ್ಲೇಬೇಕು ಅಂತೇನಿಲ್ಲ. (ಕಥೇಲಿ ವಿಚಿತ್ರ ಪಂಥ, ನರಬಲಿ ಇರೋದಕ್ಕೂ ಕಲ್ಟ್ ಅಂತಾರೆ, ಅದು ಬೇರೆ.)

ಟೋಬಿ ಹೂಪರ್ ಮಾಡಿದ 'ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್' ತಗೊಳ್ಳಿ, 1974ರದ್ದು. ಚಿಲ್ಲರೆ ಬಜೆಟ್, ಕೋಟಿಗಟ್ಲೆ ದುಡ್ಡು ಮಾಡ್ತು, ಆದ್ರೂ ಬ್ರಿಟನ್‌ನ ಸೆನ್ಸಾರ್ ಬೋರ್ಡ್ ಸರ್ಟಿಫಿಕೇಟ್ ಕೊಟ್ಟಿದ್ದು 1999ರಲ್ಲಿ! ಹಾಗಂತ ರಕ್ತದ ಹೊಳೆ ಹರಿಯುತ್ತೆ ಅಂದ್ಕೋಬೇಡಿ, ಹುಡುಗೀನ ಮಾಂಸದ ಕೊಕ್ಕೆಗೆ ಸಿಗಿಸೋ ಸೀನಲ್ಲೂ ಕೊಕ್ಕೆ ಚುಚ್ಚೋದು ಕಾಣ್ಸಲ್ಲ.

ನನ್ ಪ್ರಕಾರ ಹೊಟ್ಟೆ ತೊಳಸೋದು ಆ ಚೈನ್ ಸಾ ಅನ್ನೋ ಮಷೀನ್ ಗರಗಸದಿಂದಲ್ಲ, ಆ ಸಂಸಾರದಿಂದ. ತಲೆತಲಾಂತರದಿಂದ ಕಸಾಯಿಖಾನೆ ಕೆಲಸ ಮಾಡ್ಕೊಂಡಿದ್ದ ಮನೆತನ, ಸುತ್ತಿಗೆ ಹೋಗಿ ದನ ಕೆಡವೋ ಗನ್ ಬಂತು, ಕೆಲಸ ಹೋಯ್ತು, ಕಲಿತ ವಿದ್ಯೆ ಮಾತ್ರ ಉಳೀತು, ಈಗ ದಾರೀಲಿ ಸಿಕ್ಕೋರ ಮೇಲೆ ಅದೇ ವಿದ್ಯೆ. ಅವರಲ್ಲಿ ತೊಗಲಿನ ಮುಖವಾಡ ಹಾಕ್ಕೊಂಡು ಗರಗಸ ಹಿಡಿಯೋನು ಲೆದರ್‌ಫೇಸ್, ಅವನು ಮನೆಗೆ ಕಾಲಿಟ್ಟೋರನ್ನ ಒಬ್ಬೊಬ್ರನ್ನಾಗಿ ಕೊಂದು ಹಾಕಿರ್ತಾನೆ, ಸಂಜೆ ಮನೆಗೆ ಬಂದ ಹಿರಿಯ ಬೈಯೋದು ಬಾಗಿಲು ಯಾಕೋ ಕುಯ್ದು ಹಾಳ್ಮಾಡ್ದೆ ಅಂತ! ನಗು ಬರತ್ತೆ, ಯಾಕ್ ನಕ್ಕೆ ಅಂತ ಆಮೇಲೆ ಕಸಿವಿಸಿ ಆಗತ್ತೆ. ಅಡುಗೆ ಮಾಡೋ ಹೆಂಗಸಿಲ್ಲದ ಮನೆ, ಅದಕ್ಕೆ ಲೆದರ್‌ಫೇಸೇ ಮುದುಕಿ ಮುಖದ ತೊಗಲು ಹಾಕ್ಕೊಂಡು ಏಪ್ರನ್ ಕಟ್ಕೊಂಡು ಓಡಾಡ್ತಾನೆ. ಊಟದ ಸೀನ್ ಅಂತೂ ಕೇಳ್ಬೇಡಿ. ಸಿಕ್ಕಿಬಿದ್ದ ಹುಡುಗಿ ಸ್ಯಾಲೀನ ಕುರ್ಚಿಗೆ ಕಟ್ಟಿ ಕೂರ್ಸಿರ್ತಾರೆ, ಅವಳು ಕಿರುಚಿದ್ರೆ ಇವ್ರೂ ಅಣಕಿಸಿ ಕಿರುಚ್ತಾರೆ, ಆಮೇಲೆ ಜೀವ ಹೋದಂಗಿರೋ ತಾತನ ಕೈಗೆ ಸುತ್ತಿಗೆ ಕೊಟ್ಟು 'ತಾತನಂಥ ಕೆಲಸಗಾರ ಯಾರಿದ್ರು' ಅಂತ ಹುರಿದುಂಬಿಸ್ತಾರೆ, ಸುತ್ತಿಗೆ ಕೈಜಾರಿ ಜಾರಿ ಬೀಳತ್ತೆ. ಟೆಕ್ಸಾಸ್ ಸೆಕೆಯಲ್ಲಿ ಕಿಟಕಿ ಮುಚ್ಕೊಂಡು, ಲೈಟ್ ಕಾವಿಗೆ ಮಾಂಸ ಕೊಳೆತು ನಾರ್ತಿದ್ರೂ, ಒಂದು ದಿನಕ್ಕೂ ಜಾಸ್ತಿ ಹೊತ್ತು ಬಿಡದೇ ಶೂಟ್ ಮಾಡಿದ್ದು ಅದನ್ನ.

ಸತ್ಯಕಥೆ ಅಂತ ಶುರುವಲ್ಲೇ ಹೇಳ್ತಾರಲ್ಲ, ಅದು ಬರೀ ಬಿಲ್ಡಪ್. 1957ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಸಿಕ್ಕಿಬಿದ್ದ, ಈ ಕಥೆಗೆ ಸ್ಫೂರ್ತಿಯಾದ ಕೊಲೆಗಾರ ಎಡ್ ಗೀನ್ ಮನೇಲಿ ಮನುಷ್ಯರ ಚರ್ಮದ ಮುಖವಾಡ ಇದ್ದಿದ್ದು ನಿಜ, ಆದ್ರೆ ಆಗ ಅವನು ಒಂಟಿ, ಗರಗಸಾನೂ ಇಲ್ಲ, ಜೊತೆಗೆ ಅಣ್ಣತಮ್ಮ ತಾತಾನೂ ಇಲ್ಲ. ಆ ಸಂಸಾರ ಪೂರ್ತಿ ಹೂಪರ್ ಮತ್ತೆ ಜೊತೆಗೆ ಬರೆದ ಕಿಮ್ ಹೆಂಕೆಲ್ ಕಟ್ಟಿದ್ದು.