ಲಸಿಕೆ ಹಾಕಿಸಿಕೊಂಡವರ ರಕ್ತವನ್ನು ವಿಮೆಯವರು ಓದುವ ಬಗೆ

ನಮ್ಮ ಭಾವ ಕೋಲಾರದ ಒಂದು ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸುತ್ತಾರೆ. ವಯಸ್ಸು 48. ಗಾಯಾಳುಗಳ ರಕ್ತ ಕೈಗೆ ತಾಗುವ ಕೆಲಸವಾದ್ದರಿಂದ ಆಸ್ಪತ್ರೆಯವರು ಎಲ್ಲ ಸಿಬ್ಬಂದಿಗೂ ಹೆಪಟೈಟಿಸ್ ಬಿ (ರಕ್ತದಿಂದ ಹರಡಿ ಲಿವರಿಗೆ ತಗಲುವ, ಕಾಮಾಲೆ ತರಬಲ್ಲ ವೈರಸ್ ಸೋಂಕು) ಲಸಿಕೆ ಹಾಕಿಸಿದರು. ಎರಡನೇ ಡೋಸ್ ಆದ ಮೂರನೇ ದಿನ ಆರೋಗ್ಯ ವಿಮೆಯ ಏಜೆಂಟರು ಮನೆಗೆ ಬಂದರು. ಅರ್ಜಿ ತುಂಬುವಾಗ ಅಕ್ಕ ತಡೆದಳು: “ಸೂಜಿ ಹಾಕಿಸ್ಕೊಂಡಿದ್ದು ಹೇಳ್ಬೇಡಿ. ಕಾಮಾಲೆ ಇತ್ತು ಅಂದ್ಕೊಂಡು ದುಡ್ಡು ಜಾಸ್ತಿ ಕೇಳ್ತಾರೆ.” ಭಾವ ಹೇಳಲಿಲ್ಲ. ಎರಡು ದಿನ ಬಿಟ್ಟು ವಿಮೆಯವರೇ ಮಾಡಿಸಿದ ರಕ್ತಪರೀಕ್ಷೆಯಲ್ಲಿ ‘ಎಚ್‌ಬಿಎಸ್‌ಎಜಿ ರಿಯಾಕ್ಟಿವ್’, ಅಂದರೆ ಪಾಸಿಟಿವ್, ಎಂದು ಬಂತು. ಅರ್ಜಿ ಅಲ್ಲಿಗೇ ನಿಂತಿತು.

ಎಚ್‌ಬಿಎಸ್‌ಎಜಿ ಎಂಬುದು ಹೆಪಟೈಟಿಸ್ ಬಿ ವೈರಸ್ಸಿನ ಹೊರಮೈ ಪ್ರೋಟೀನು. ಅದು ರಕ್ತದಲ್ಲಿ ಸಿಕ್ಕರೆ ಸಾಮಾನ್ಯವಾಗಿ ಸೋಂಕು ಇದೆಯೆಂದೇ ಅರ್ಥ. ಆದರೆ ಲಸಿಕೆಯಲ್ಲಿ ಇರುವುದೂ ಇದೇ ಪ್ರೋಟೀನು. ಯೀಸ್ಟ್ ಕೋಶಗಳಲ್ಲಿ ಬೆಳೆಸಿ ತೆಗೆದದ್ದು. ವೈರಸ್ಸಿನ ಜೀನುಗಳು ಅದರಲ್ಲಿಲ್ಲ, ರೋಗ ಬರಲು ದಾರಿಯೇ ಇಲ್ಲ. ನಮ್ಮ ದೇಶದಲ್ಲೇ ತಯಾರಾದ ಇಂಥ ಲಸಿಕೆಯನ್ನು ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಮಾರುಕಟ್ಟೆಗೆ ತಂದಿತು. ತೋಳಿಗೆ ಚುಚ್ಚಿದ ಈ ಪ್ರೋಟೀನಿನ ಒಂದಿಷ್ಟು ಅಂಶ ಕೆಲವು ದಿನ ರಕ್ತದಲ್ಲಿ ಸುತ್ತಾಡುತ್ತದೆ. ಲಸಿಕೆ ಪಡೆದ 18 ದಿನಗಳವರೆಗೂ ಪರೀಕ್ಷೆ ಅದನ್ನು ಹಿಡಿದದ್ದುಂಟು. ಭಾವನ ರಕ್ತ ತೆಗೆದದ್ದು ಐದನೇ ದಿನ.

ಹಾಗಾದರೆ ರೋಗವೋ ಲಸಿಕೆಯೋ ಎಂದು ತಿಳಿಯುವುದು ಹೇಗೆ? ವೈರಸ್ಸಿಗೆ ಒಳತಿರುಳಿನ ಪ್ರೋಟೀನು ಬೇರೆಯೇ ಇದೆ, ಅದು ಲಸಿಕೆಯಲ್ಲಿಲ್ಲ. ಆದ್ದರಿಂದ ನಿಜವಾದ ಸೋಂಕು ತಗುಲಿದವರಲ್ಲಿ ಆ ತಿರುಳಿನ ವಿರುದ್ಧ ಪ್ರತಿಕಾಯ, ಅಂದರೆ ಆಂಟಿ-ಎಚ್‌ಬಿಸಿ, ಹುಟ್ಟುತ್ತದೆ. ಬರೀ ಲಸಿಕೆ ಪಡೆದವರಲ್ಲಿ ಹುಟ್ಟುವುದಿಲ್ಲ. ಲಸಿಕೆಯವರಲ್ಲಿ ಕಾಣುವುದು ಹೊರಮೈ ವಿರುದ್ಧದ ಆಂಟಿ-ಎಚ್‌ಬಿಎಸ್ ಮಾತ್ರ. ಡೋಸುಗಳು ಮುಗಿದ ಮೇಲೆ ಅದು ಮಿಲಿಲೀಟರಿಗೆ 10 ಮಿಲಿ ಯೂನಿಟ್ ಮುಟ್ಟಿದ್ದರೆ ರಕ್ಷಣೆ ಬಂದಿದೆ ಎಂದು ಲೆಕ್ಕ. ಒಂದೇ ವೈರಸ್ಸಿನ ಹೆಸರಲ್ಲಿ ಬರುವ ಈ ಮೂರು ಸಾಲುಗಳಲ್ಲಿ ಎಚ್‌ಬಿಎಸ್‌ಎಜಿ ಚಿಂತೆಯದು, ಆಂಟಿ-ಎಚ್‌ಬಿಸಿ ಹಳೆಯ ಅಥವಾ ಈಗಿನ ಸೋಂಕಿನ ಗುರುತು, ಆಂಟಿ-ಎಚ್‌ಬಿಎಸ್ ನೆಮ್ಮದಿಯದು. ವರದಿಯಲ್ಲಿ ಮಾತ್ರ ಮೂರಕ್ಕೂ ‘ಪಾಸಿಟಿವ್’ ಎಂಬ ಒಂದೇ ಪದ. ನನಗೆ ಇದು ದೊಡ್ಡ ತೊಡಕಾಗಿ ಕಾಣುತ್ತದೆ.

ವಿಮೆಯವರು ಅಳೆಯುವುದು ಮುಂದೆ ಬರಬಹುದಾದ ಆಸ್ಪತ್ರೆ ಖರ್ಚನ್ನು. ಲಿವರಿನಲ್ಲಿ ಉಳಿದುಕೊಂಡ ಹೆಪಟೈಟಿಸ್ ಬಿ ದಶಕಗಳ ನಂತರ ಸಿರೋಸಿಸ್ಸಿಗೋ (ಲಿವರು ಗಟ್ಟಿಯಾಗಿ ಕೆಡುವುದು) ಕ್ಯಾನ್ಸರಿಗೋ ತಿರುಗಬಹುದು, ಹಾಗಾಗಿ ಅವರು ಎಚ್ಚರ ವಹಿಸುವುದು ಸಹಜ. ಲಸಿಕೆ ಕಾಯಿಲೆಯಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮದಂತೆ ‘ಮೊದಲೇ ಇದ್ದ ಕಾಯಿಲೆ’ ಎಂದರೆ ಪಾಲಿಸಿಗೆ ಮುಂಚಿನ 36 ತಿಂಗಳಲ್ಲಿ ವೈದ್ಯರು ಪತ್ತೆಹಚ್ಚಿದ ಅಥವಾ ಚಿಕಿತ್ಸೆ ಕೊಟ್ಟ ಕಾಯಿಲೆ. ಮುಂಜಾಗ್ರತೆಯ ಸೂಜಿ ಅದರೊಳಗೆ ಬರುವುದಿಲ್ಲ. ಹಾಗೆಂದು ಮುಚ್ಚಿಡುವುದು ಅಪಾಯ. ಅರ್ಜಿಯ ಪ್ರಶ್ನೆಗೆ ನಿಜ ಹೇಳಬೇಕಾದ್ದು ನಮ್ಮ ಹೊಣೆ. ಅದಕ್ಕಿಂತ ಮುಖ್ಯವಾಗಿ, ಲಸಿಕೆಯ ವಿಷಯ ತಿಳಿಯದ ಅಧಿಕಾರಿಗೆ ಭಾವನ ವರದಿಯನ್ನು ರೋಗಿಯ ವರದಿಯೆಂದು ಓದದೆ ಬೇರೆ ದಾರಿ ಇರಲಿಲ್ಲ. ಅಕ್ಕ ಹೆದರಿದ್ದು ಹೇಳುವುದಕ್ಕೆ, ತೊಂದರೆ ಬಂದದ್ದು ಹೇಳದೆ ಇದ್ದದ್ದರಿಂದ.

ಲಸಿಕೆ ಕಾರ್ಡಿನ ಪ್ರತಿಯನ್ನು ಲಗತ್ತಿಸಿ, ದಿನಾಂಕಗಳನ್ನು ಬರೆದು, ಮರುಪರೀಕ್ಷೆ ಕೇಳಿ ಎಂದೆ. ತಿಂಗಳಾದ ಮೇಲೆ ರಕ್ತ ಕೊಟ್ಟರು. ಎಚ್‌ಬಿಎಸ್‌ಎಜಿ ಇಲ್ಲ, ಆಂಟಿ-ಎಚ್‌ಬಿಸಿ ಇಲ್ಲ. ಪ್ರೀಮಿಯಂ ಒಂದು ರೂಪಾಯಿಯೂ ಹೆಚ್ಚದೆ ಪಾಲಿಸಿ ಬಂತು. ಆರನೇ ತಿಂಗಳ ಮೂರನೇ ಡೋಸಿನ ತಾರೀಖನ್ನು ಅಕ್ಕನೇ ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟಿದ್ದಾಳೆ.